ಸೊಪ್ಪು ನೋಡಿ ಹುಳು ಸಾಕಬೇಕು

ಕಳೆದ ಭಾನುವಾರ ಮಾಗಡಿಯಿಂದ ನನ್ನ ತಂಗಿಯ ಮಗ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಮಗು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ರ‍್ಯಾಂಕ್ ಬಂದಿದೆ, ಬಹಳ ಮೇಲೂ ಅಲ್ಲ, ತೀರಾ ಕೆಳಗೂ ಅಲ್ಲ. ಇನ್ನು ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಕಾಫಿ ಲೋಟ ಕೆಳಗಿಡುವ ಮೊದಲೇ ಅಳಿಯ ವಿಷಯಕ್ಕೆ ಬಂದ. "ಮಾವ, ಕಂಪ್ಯೂಟರ್ ಸೈನ್ಸೇ ಕೊಡಿಸೋಣ ಅಂತಿದ್ದೀನಿ. ಸರ್ಕಾರಿ ಸೀಟು ಸಿಗಲಿಲ್ಲ ಅಂದ್ರೆ ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು. ಅರ್ಧ ಎಕರೆ ಮಾರಿದರೆ ಆಗುತ್ತೆ. ನೀವೇನಂತೀರಿ?"

ಮಗು ನೆಲ ನೋಡುತ್ತ ಕುಳಿತಿದ್ದಳು. ನಾನು ಕೂಡಲೇ ಉತ್ತರ ಹೇಳಲಿಲ್ಲ. ಇದೇ ಪ್ರಶ್ನೆಗೆ ಹಿಂದೆ ಎರಡು ಬಾರಿ ಥಟ್ಟನೆ ಉತ್ತರ ಕೊಟ್ಟು, ಎರಡು ಬಾರಿಯೂ ತಪ್ಪಿದವನು ನಾನು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮಕ್ಕಳು ಈಗ ಇದೇ ಕವಲಿನಲ್ಲಿ ನಿಂತಿರುವುದರಿಂದ ಆ ಎರಡು ತಪ್ಪುಗಳನ್ನು ಇಲ್ಲಿ ಒಪ್ಪಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಮೊದಲನೆಯದು 1997ರ ಮಾತು. ಚನ್ನಪಟ್ಟಣದ ಒಬ್ಬ ಹುಡುಗ. ತಂದೆ ಹಾಲೆ ಮರದ ಬೊಂಬೆ ಕಡೆದು, ಅರಗಿನ ಬಣ್ಣ ಹಾಕಿ ಜೀವನ ಸಾಗಿಸುತ್ತಿದ್ದವರು. ಹುಡುಗನ ಕೈಯಲ್ಲಿ ಜಾದೂ ಇತ್ತು. ಶಾಲೆಯ ಕೆಟ್ಟ ಗಡಿಯಾರ, ಗಂಟೆ, ನೀರಿನ ಪಂಪು ಎಲ್ಲವೂ ಅವನ ಕೈಗೆ ಬಂದರೆ ಸರಿಹೋಗುತ್ತಿದ್ದವು. ಆದರೆ ಆಗ ಬೆಂಗಳೂರಿನಲ್ಲಿ ಎಲ್ಲೆಡೆ ಒಂದೇ ಮಾತು. 2000ನೇ ಇಸವಿ ಬಂದರೆ ಕಂಪ್ಯೂಟರುಗಳ ದಿನಾಂಕ ಕೆಡುತ್ತದಂತೆ, ಅದನ್ನು ಸರಿಪಡಿಸಲು ಅಮೆರಿಕದವರು ನಮ್ಮ ಹುಡುಗರನ್ನು ಕರೆಯುತ್ತಿದ್ದಾರಂತೆ. ನಾನು ಅವನ ತಂದೆಯನ್ನು ಕರೆಸಿ, "ಮೆಕ್ಯಾನಿಕಲ್ ಬೇಡ, ಸಾಲ ಮಾಡಿಯಾದರೂ ಕಂಪ್ಯೂಟರ್ ಓದಿಸಿ" ಎಂದೆ. ಮೇಷ್ಟ್ರು ಹೇಳಿದರೆಂದು ಆತ ಹಾಗೆಯೇ ಮಾಡಿದರು. ಹುಡುಗ ಏದುಸಿರು ಬಿಡುತ್ತ ಓದಿದ, ಒಂದೆರಡು ವಿಷಯಗಳಲ್ಲಿ ಮತ್ತೆ ಮತ್ತೆ ಎಡವಿದ. ಅವನು ಹೊರಬರುವ ಹೊತ್ತಿಗೆ, 2001ರ ಕುಸಿತದ ನಂತರ, ಹೊಸಬರಿಗೆ ಕೆಲಸ ಕೊಡುವವರೇ ವಿರಳವಾಗಿದ್ದರು. ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು.

ಎರಡನೆಯದು 1999ರದ್ದು. ಕನಕಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ, ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ಹುಡುಗಿ. ಒಂದು ದಿನ ಭಾಗಾಕಾರ ಕ್ರಮದಿಂದ ಮ.ಸಾ.ಅ. ಕಂಡುಹಿಡಿಯುವುದನ್ನು ಹೇಳಿಕೊಡುತ್ತಿದ್ದೆ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸುವುದು, ಬಂದ ಶೇಷದಿಂದ ಹಿಂದಿನ ಭಾಜಕವನ್ನು ಭಾಗಿಸುವುದು, ಶೇಷ ಸೊನ್ನೆಯಾಗುವವರೆಗೆ ಹೀಗೆಯೇ ಮುಂದುವರಿಯುವುದು. ಅವಳು ಎದ್ದು ನಿಂತು ಕೇಳಿದಳು: "ಸಾರ್, ಯಾವ ಸಂಖ್ಯೆ ತಗೊಂಡರೂ ಇದು ಮುಗಿದೇ ಮುಗಿಯುತ್ತೆ ಅಂತ ಹೇಗೆ ಗೊತ್ತು? ಮುಗಿಯದೇ ಹೋಗ್ತಾನೇ ಇದ್ದರೆ?" ನಾನು, "ಮೊದಲು ಲೆಕ್ಕ ಮಾಡಮ್ಮ" ಎಂದು ಕೂರಿಸಿದೆ. ಹತ್ತನೆಯ ತರಗತಿ ಮುಗಿದಾಗ ಆಕೆ ವಿಜ್ಞಾನ ತೆಗೆದುಕೊಂಡು ಮುಂದೆ ಕಂಪ್ಯೂಟರ್ ಓದುವ ಆಸೆಯನ್ನು ಹೇಳಿಕೊಂಡಳು. "ನಿನ್ನ ಇಂಗ್ಲಿಷಿಗೆ ಅದು ಒಗ್ಗುವುದಿಲ್ಲ, ಕಲಾ ವಿಭಾಗ ತೆಗೆದುಕೊಂಡು ಶಿಕ್ಷಕರ ತರಬೇತಿಗೆ ಸೇರು" ಎಂದೆ. ಇಂದು ಆಕೆ ಒಳ್ಳೆಯ ಶಿಕ್ಷಕಿ. ನನಗೆ ಹೆಮ್ಮೆಯೇ ಇದೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಸಿಕ್ಕಾಗ, ಮಾತಿನ ನಡುವೆ, ಯಾವ ಕಹಿಯೂ ಇಲ್ಲದೆ ಹೇಳಿದಳು: "ನೀವು ಬೇಡ ಅಂದ್ರಿ ಸಾರ್. ಹಾಗಾಗಿ ಮನೇಲಿ ನಾನು ಕೇಳಲೇ ಇಲ್ಲ." ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಏಕೆಂದರೆ ಅವಳು ತರಗತಿಯಲ್ಲಿ ಕೇಳಿದ್ದೇ ಗಣಕ ವಿಜ್ಞಾನದ ಮೂಲ ಪ್ರಶ್ನೆ. ಒಂದು ಕೆಲಸವನ್ನು ಹಂತಹಂತವಾಗಿ ಹೇಳುವ ಕ್ರಮವಿಧಿಗೆ ಅಲ್ಗಾರಿದಮ್ ಎನ್ನುತ್ತಾರೆ. ಒಂಬತ್ತನೆಯ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಬಂದ ಪದವದು. ನಾವು ಕಲಿಸುವ ಮ.ಸಾ.ಅ. ಕ್ರಮ ಅದಕ್ಕಿಂತಲೂ ಹಳೆಯದು, ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡನ ಗ್ರಂಥದಲ್ಲಿಯೇ ಇದೆ. ಯಾವುದೇ ಕ್ರಮವಿಧಿಯನ್ನು ಕುರಿತು ಕೇಳಬೇಕಾದದ್ದು ಇಷ್ಟೇ: ಇದು ಸರಿಯಾದ ಉತ್ತರ ಕೊಡುತ್ತದೆಯೇ, ಎಂದಾದರೂ ಮುಗಿಯುತ್ತದೆಯೇ, ಮುಗಿಯಲು ಎಷ್ಟು ಹೊತ್ತು ಬೇಕು? ಅವಳಿಗೆ ನಾನು ಕೊಡಬಹುದಾಗಿದ್ದ ಉತ್ತರವೂ ಸರಳವಾದದ್ದೇ. ಪ್ರತಿ ಹಂತದಲ್ಲೂ ಶೇಷವು ಭಾಜಕಕ್ಕಿಂತ ಚಿಕ್ಕದಾಗಿರುತ್ತದೆ. ಪೂರ್ಣಸಂಖ್ಯೆ ಹೀಗೆ ಇಳಿಯುತ್ತಲೇ ಹೋದರೆ ಸೊನ್ನೆಯನ್ನು ಮುಟ್ಟಲೇಬೇಕು. ಎರಡು ನಿಮಿಷದ ಮಾತು. ಆ ಎರಡು ನಿಮಿಷವನ್ನು ನಾನು ಅವಳಿಗೆ ಕೊಡಲಿಲ್ಲ.

ಈ ಎರಡೂ ತಪ್ಪುಗಳ ಬೇರು ಒಂದೇ ಎಂಬುದು ನನಗೆ ತಡವಾಗಿ ಹೊಳೆಯಿತು. ಒಬ್ಬನ ವಿಷಯದಲ್ಲಿ ಪೇಟೆಯನ್ನು ನೋಡಿ 'ಹೌದು' ಎಂದೆ, ಇನ್ನೊಬ್ಬಳ ವಿಷಯದಲ್ಲಿ ಮಾಧ್ಯಮವನ್ನು ನೋಡಿ 'ಬೇಡ' ಎಂದೆ. ಎರಡು ಬಾರಿಯೂ ಎದುರಿಗಿದ್ದ ಮಗುವನ್ನು ನೋಡಲಿಲ್ಲ.

ಇದನ್ನು ನಮ್ಮ ಸೀಮೆಯ ರೈತರಿಂದ ನಾನು ಕಲಿಯಬೇಕಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ನೆಲದಲ್ಲಿ ರೇಷ್ಮೆಯ ವಿಷಯ ಯಾರಿಗೂ ಹೊಸದಲ್ಲ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ನಮ್ಮ ಊರಿನಲ್ಲಿದೆ. ಇವತ್ತು ಗೂಡಿನ ಬೆಲೆ ಚೆನ್ನಾಗಿದೆಯೆಂದು ತಿಳಿದವನು ಯಾರೂ ಅದೊಂದನ್ನೇ ನಂಬಿ ಹುಳು ತರುವುದಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಸುಮಾರು ಒಂದು ತಿಂಗಳು ಬೇಕು. ಅಷ್ಟರಲ್ಲಿ ಬೆಲೆ ಏನಾಗುವುದೋ ಬಲ್ಲವರಿಲ್ಲ. ಅವನು ಮೊದಲು ತೋಟಕ್ಕೆ ಹೋಗಿ ಸೊಪ್ಪು ಎಷ್ಟಿದೆ ಎಂದು ನೋಡುತ್ತಾನೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವು ಹೇಳತೀರದು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಬಹುಪಾಲು ಆ ಕೊನೆಯ ವಾರದಲ್ಲಿಯೇ ಖರ್ಚಾಗುತ್ತದೆ. ಆಗ ತೋಟ ಬರಿದಾಗಿದ್ದರೆ ಬೆಲೆ ಎಷ್ಟಿದ್ದೇನು?

ಪದವಿಗೆ ಒಂದು ತಿಂಗಳಲ್ಲ, ನಾಲ್ಕು ವರ್ಷ ಬೇಕು. ಈ ಪೇಟೆಯ ಏರಿಳಿತಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. 2001ರಲ್ಲಿ ಕುಸಿಯಿತು, ಎದ್ದಿತು. 2008ರಲ್ಲಿ ಮತ್ತೆ ಮುಗ್ಗರಿಸಿತು, ಎದ್ದಿತು. 2022ರ ಕೊನೆಯಿಂದ ದೊಡ್ಡ ದೊಡ್ಡ ಅಮೆರಿಕನ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳುಹಿಸಿದವು. 2025ರಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇಕಡ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇದನ್ನು ನೋಡಿ 'ಇನ್ನು ಕಂಪ್ಯೂಟರ್ ಸೈನ್ಸ್ ಮುಗಿಯಿತು' ಎನ್ನುವವರೂ, 1997ರಲ್ಲಿ 'ಅದೊಂದೇ ದಾರಿ' ಎಂದ ನಾನೂ ಒಂದೇ ತಪ್ಪನ್ನು ಮಾಡುತ್ತಿದ್ದೇವೆ. ನಾಲ್ಕು ವರ್ಷಗಳ ಮುಂದಿನ ಬೆಲೆಯನ್ನು ಇಂದಿನ ಫಲಕದಲ್ಲಿ ಓದಲು ಹೊರಟಿದ್ದೇವೆ.

ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಒಂದು ಮಾತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಯಂತ್ರವೇ ಪ್ರೋಗ್ರಾಂ ಬರೆಯುವಾಗ ಮಕ್ಕಳು ಅದನ್ನು ಕಲಿತು ಮಾಡುವುದೇನು ಎಂದು ಹಲವರು ಕೇಳುತ್ತಾರೆ. ಕ್ಯಾಲ್ಕುಲೇಟರ್ ಬಂದಾಗ ನಮ್ಮನ್ನೂ ಹೀಗೆಯೇ ಕೇಳುತ್ತಿದ್ದರು. ಬರೆದುಕೊಟ್ಟದ್ದನ್ನು ನಕಲು ಮಾಡುವುದಷ್ಟನ್ನೇ ಕಲಿತವರಿಗೆ ಮುಂದಿನ ದಿನಗಳು ಕಷ್ಟವೆಂದೇ ನನ್ನ ಅಭಿಪ್ರಾಯ. ಆದರೆ ಯಂತ್ರ ಬರೆದದ್ದು ಸರಿಯೇ, ಎಲ್ಲ ಸಂದರ್ಭಗಳಲ್ಲಿಯೂ ಸರಿಯೇ, ಎಲ್ಲಿ ಎಡವುತ್ತದೆ ಎಂದು ಕೇಳುವವರು ಬೇಕೇ ಬೇಕು. 'ಇದು ಮುಗಿದೇ ಮುಗಿಯುತ್ತದೆಂದು ಹೇಗೆ ಗೊತ್ತು' ಎಂದು ಕೇಳಿದ ಆ ಹುಡುಗಿಯಂಥವರು ಬೇಕು.

ಹಾಗಾದರೆ ಸೊಪ್ಪು ಇದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಮಗು ಮೊಬೈಲನ್ನು ಚುರುಕಾಗಿ ಬಳಸುತ್ತದೆ ಎಂಬುದು ಗುರುತಲ್ಲ. ಬಸ್ಸು ಹತ್ತಿದವರೆಲ್ಲ ಎಂಜಿನ್ ಬಲ್ಲವರಾಗುವುದಿಲ್ಲ. ಕಾಲೇಜಿನಲ್ಲಿ ಕಲಿಸುವುದು ಗಣಿತ, ತರ್ಕ, ಮಾಹಿತಿಯನ್ನು ಜೋಡಿಸಿಡುವ ಬಗೆಗಳು, ಕಂಪ್ಯೂಟರಿನ ಒಳಗಿನ ವ್ಯವಸ್ಥೆ. ಬರೆದ ಹತ್ತು ಸಾಲು ಏಕೆ ನಡೆಯುತ್ತಿಲ್ಲವೆಂದು ಮೂರು ಗಂಟೆ ಹುಡುಕಿ, ಒಂದು ಚುಕ್ಕಿಯ ತಪ್ಪನ್ನು ಕಂಡು, ಸಿಟ್ಟಾಗುವ ಬದಲು ನಕ್ಕು ಮುಂದುವರಿಯುವ ಸ್ವಭಾವ ಬೇಕು. ಇದನ್ನು ಸೀಟು ಪಡೆಯುವ ಮೊದಲೇ ಪರೀಕ್ಷಿಸಿಕೊಳ್ಳಬಹುದು. ಐಐಟಿ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಪೈಥಾನ್ ಭಾಷೆಗೂ ಹಣ ಕೊಡಬೇಕಿಲ್ಲ. ರಜೆಯಲ್ಲಿ ಹದಿನೈದು ದಿನ ಕುಳಿತು ನೋಡಿದರೆ ಸಾಕು. ಹದಿನಾರನೆಯ ದಿನ ಯಾರೂ ಹೇಳದೆಯೇ ಕುಳಿತುಕೊಂಡರೆ ಸೊಪ್ಪಿದೆ ಎಂದರ್ಥ.

ಕನ್ನಡ ಮಾಧ್ಯಮದ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಆ ಸಾಲ ನನ್ನ ಮೇಲಿದೆ. ಮೊದಲ ಆರು ತಿಂಗಳು ಇಂಗ್ಲಿಷ್ ಪಾಠ ಕಿವಿಯ ಮೇಲೆಯೇ ಹಾದುಹೋಗುತ್ತದೆ, ಅದು ನಿಜ. ಆದರೆ ಪಠ್ಯದ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ. ಮತ್ತೆ ಮತ್ತೆ ಬರುವ ಕೆಲವು ನೂರು ಪದಗಳು ಕೈವಶವಾದರೆ ಹಾದಿ ತೆರೆಯುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಾತಿ ಇದೆ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರುವ ಸಣ್ಣ ಕೆಲಸವನ್ನು ಅಲಕ್ಷಿಸಿ ಅದನ್ನು ಕಳೆದುಕೊಳ್ಳಬೇಡಿ. ಕಂಪ್ಯೂಟರಿಗೂ ಕನ್ನಡಕ್ಕೂ ವೈರವಿಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅಂಥವರ ದುಡಿಮೆಯಿಂದಲೇ ನನ್ನಂಥವನೂ ಇಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇನ್ನು ಹಣದ ಮಾತು. ಸೊಪ್ಪು ಇದ್ದರೂ ತೋಟವನ್ನೇ ಮಾರಿ ಹುಳು ಸಾಕುವುದು ಬುದ್ಧಿವಂತಿಕೆಯಲ್ಲ. 2007ರಲ್ಲಿ ಆರಂಭವಾದ ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಸೀಟು ದೊರೆತರೆ ಸಾಲವಿಲ್ಲದೆ ಪದವಿ ಮುಗಿಯುತ್ತದೆ. ಆಸಕ್ತಿಯಿದ್ದವರಿಗೆ ಎಲೆಕ್ಟ್ರಾನಿಕ್ಸ್ ಓದಿಯೂ, ಬಿಸಿಎ ಅಥವಾ ಬಿಎಸ್‌ಸಿ ಗಣಿತ ಓದಿಯೂ ಈ ಕ್ಷೇತ್ರಕ್ಕೆ ಬರುವ ದಾರಿಯಿದೆ. ಆಸಕ್ತಿಯಿಲ್ಲದವರನ್ನು ಅರ್ಧ ಎಕರೆಯ ಬೆಲೆಯೂ ಅಲ್ಲಿ ನಿಲ್ಲಿಸಲಾರದು.

ಇಷ್ಟನ್ನೆಲ್ಲ ಅಳಿಯನಿಗೆ ಹೇಳಿ, ಮಗುವಿನ ಕೈಗೆ ನನ್ನ ಹಳೆಯ ನಿಘಂಟನ್ನು ಕೊಟ್ಟೆ. "ಇದರಲ್ಲಿ ಸಾವಿರ ಪುಟ ಅಂತ ಇಟ್ಕೊ. ಒಂದು ಪದ ಹುಡುಕೋಕೆ ಎಷ್ಟು ಸಲ ತೆರೆದರೆ ಸಾಕು?" ಅವಳು ಸ್ವಲ್ಪ ಹೊತ್ತು ಯೋಚಿಸಿ, ಮಧ್ಯಕ್ಕೆ ತೆರೆದಳು, ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿದಳು. "ಹತ್ತು ಸಲ ಸಾಕು ತಾತ" ಎಂದಳು. "ಹತ್ತು ಲಕ್ಷ ಪುಟ ಇದ್ದರೆ?" ಬೆರಳೆಣಿಸಿ, "ಇಪ್ಪತ್ತೇ!" ಎಂದು ತಾನೇ ಬೆರಗಾದಳು. ಆಮೇಲೆ ನಾನು ಕೇಳದ ಒಂದು ಪ್ರಶ್ನೆಯನ್ನು ಅವಳೇ ಕೇಳಿದಳು: "ತಾತ, ಪದಗಳು ಅಕಾರಾದಿಯಾಗಿ ಜೋಡಿಸಿರದಿದ್ದರೆ?"

ಈ ಬಾರಿ ನಾನು "ಮೊದಲು ಲೆಕ್ಕ ಮಾಡಮ್ಮ" ಎನ್ನಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ. ಊಟದ ಹೊತ್ತು ಮೀರಿತು.

ಹೋಗುವ ಮುನ್ನ ಅವಳೇ ತನ್ನ ಕೈಯಿಂದ ಪಟ್ಟಿ ಬರೆದಳು. ಮೇಲೆ ಸರ್ಕಾರಿ ಕಾಲೇಜುಗಳ ಕಂಪ್ಯೂಟರ್ ಸೈನ್ಸ್, ಕೆಳಗೆ ಅದೇ ಕಾಲೇಜುಗಳ ಎಲೆಕ್ಟ್ರಾನಿಕ್ಸ್, ಕೊನೆಗೆ ಪ್ರತ್ಯೇಕವಾಗಿ ಒಂದು ಸಾಲಿನಲ್ಲಿ 'ಏನೂ ಸಿಗದಿದ್ದರೆ ಬಿಎಸ್‌ಸಿ' ಎಂದು. ಮ್ಯಾನೇಜ್‌ಮೆಂಟ್ ಸೀಟಿನ ಮಾತು ಪಟ್ಟಿಯಲ್ಲಿರಲಿಲ್ಲ. ಅಳಿಯನಿಗೆ ಪೂರ್ಣ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಜಮೀನಿನ ವಿಷಯ ಮತ್ತೆ ಎತ್ತಲಿಲ್ಲ.

ಚನ್ನಪಟ್ಟಣದ ಹುಡುಗನ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಅವನು ಈಗ ಬಿಡದಿಯ ಕಡೆ ಅಚ್ಚು ತಯಾರಿಸುವ ಒಂದು ಕಾರ್ಖಾನೆಯಲ್ಲಿ, ಕಂಪ್ಯೂಟರಿನಿಂದ ನಡೆಯುವ ಲೇತ್ ಯಂತ್ರಗಳ ಉಸ್ತುವಾರಿ. "ಈಗಲೂ ಪ್ರೋಗ್ರಾಂ ಬರೀತೀನಿ ಸಾರ್, ಆದರೆ ಕೊನೆಗೆ ಕೈಗೆ ಒಂದು ವಸ್ತು ಸಿಗುತ್ತೆ" ಎಂದು ನಗುತ್ತಾನೆ. ತಂದೆಯ ಲೇತಿನಿಂದ ಅವನಿದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಅವನನ್ನು ಊರೆಲ್ಲ ಸುತ್ತಿಸಿ ಅಲ್ಲಿಗೆ ತಂದವನು ನಾನು.

ಮಕ್ಕಳ ಆಯ್ಕೆಯ ಹೊತ್ತಿನಲ್ಲಿರುವ ನನ್ನ ವಿದ್ಯಾರ್ಥಿಗಳೇ, ಯಾವ ಮೇಷ್ಟ್ರು ಏನೇ ಹೇಳಲಿ, ನಾನೂ ಸೇರಿದಂತೆ, ಮೊದಲು ನಿಮ್ಮ ಮಗುವಿನ ಎದುರು ಒಂದು ಸಂಜೆ ಕುಳಿತುಕೊಳ್ಳಿ. ಅದು ಯಾವ ಪ್ರಶ್ನೆ ಕೇಳುತ್ತದೆ ಎಂದು ಕೇಳಿಸಿಕೊಳ್ಳಿ. ಪಟ್ಟಿ ತುಂಬುವುದು ಆಮೇಲಿನ ಕೆಲಸ.