ಅರ್ಧ ಕಟ್ಟಿದ ವಿಮಾನವನ್ನು ಕೊಳ್ಳಬಹುದೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ರೈತನಿಗೆ ಹಳೆಯ ಯಂತ್ರವನ್ನು ಕೊಳ್ಳುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಬ್ಬು ಸಾಗಿಸಿದ ಟ್ರ್ಯಾಕ್ಟರನ್ನು ಕೊಳ್ಳುವಾಗ ಆತ ಎಂಜಿನನ್ನು ನಡೆಯಿಸಿ ನೋಡುತ್ತಾನೆ, ಹೊಗೆಯ ಬಣ್ಣವನ್ನು ಗಮನಿಸುತ್ತಾನೆ, ಗೇರಿನ ಸದ್ದನ್ನು ಆಲಿಸುತ್ತಾನೆ. ಬೆಲೆಯ ಮಾತು ಆಮೇಲೆ. ಇದೇ ಸೀಮೆಯ ಮಗ್ಗುಲಲ್ಲಿ, ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲಿನ ಹತ್ತರಗಿಯಲ್ಲಿ, ಇಂದು ದೊಡ್ಡ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಅಂಥ ಕೆಲಸವನ್ನು ಬಲ್ಲ ತರುಣನಿಗೆ ಸಣ್ಣದೊಂದು ವಿಮಾನವನ್ನು ತಾನೇ ಏಕೆ ಕಟ್ಟಬಾರದೆಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಹೊಸ ಕಿಟ್ಟಿನ ಬೆಲೆಗೆ ಬೆದರಿದವನ ಕಣ್ಣು, ಇನ್ನೊಬ್ಬನು ಅರ್ಧ ಕಟ್ಟಿ ಬಿಟ್ಟ ವಿಮಾನದ ಕಡೆಗೆ ಹೊರಳುವುದೂ ಸಹಜವೇ. ಆದರೆ ಇಲ್ಲಿ ಟ್ರ್ಯಾಕ್ಟರಿನ ವಿದ್ಯೆ ಸಾಲದು ಎಂಬುದು ನಮ್ಮ ಅಭಿಪ್ರಾಯ.

ಕಿಟ್ ವಿಮಾನವೆಂದರೆ ಬಿಡಿಭಾಗಗಳ ರೂಪದಲ್ಲಿ ಬಂದು, ಕೊಂಡವನ ಕೊಟ್ಟಿಗೆಯಲ್ಲಿ ಜೋಡಣೆಗೊಳ್ಳುವ ವಿಮಾನ. ಇದು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ರಾಜ್‌ಹಂಸ ಸಂಸ್ಥೆಯ ಎಕ್ಸ್-ಏರ್ ಕಿಟ್ಟುಗಳು ಬ್ರಿಟನ್ನಿನವರೆಗೂ ಹೋಗಿ ಅಲ್ಲಿ ರೆಕ್ಕೆ ಬಿಚ್ಚಿವೆ. ಕಿಟ್ ಇಲ್ಲದೆ, ಬರಿಯ ನಕ್ಷೆಗಳನ್ನು ಕೊಂಡು ಕಟ್ಟುವ ವಿಮಾನಗಳೂ ಉಂಟು. ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ಅಂಥದು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1980ರ ದಶಕದಲ್ಲಿ ಕಟ್ಟಿದ ಹಗುರ ಸಂಶೋಧನಾ ವಿಮಾನಕ್ಕೆ ಇದೇ ಮಾದರಿಯಾಗಿತ್ತು.

ಈ ಲಾಂಗ್-ಈಜಿಯೇ ನಮಗೊಂದು ಪಾಠವನ್ನೂ ಕಲಿಸಿದೆ. ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಬೇರೊಬ್ಬರು ಕಟ್ಟಿದ್ದ ಲಾಂಗ್-ಈಜಿಯೊಂದನ್ನು ಕೊಂಡರು. ಇಂಧನವನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಿಸುವ ಹಿಡಿಯನ್ನು, ಕಟ್ಟಿದವರು ನಕ್ಷೆಯಲ್ಲಿದ್ದ ಜಾಗವನ್ನು ಬಿಟ್ಟು ಚಾಲಕನ ಎಡ ಭುಜದ ಹಿಂದೆ ಇಟ್ಟಿದ್ದರು. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಮೇಲೆ ವಿಮಾನ ಉರುಳಿ ಡೆನ್ವರ್ ಮಡಿದರು. ಹಿಡಿಯನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ಅವರ ಬಲಗಾಲು ತಿಳಿಯದೆ ಚುಕ್ಕಾಣಿಯ ಪೆಡಲನ್ನು ಒತ್ತಿರಬೇಕೆಂದು ತನಿಖೆಯವರು ನಿರ್ಣಯಿಸಿದರು. ಇಂಧನವೂ ಕಡಮೆಯಿತ್ತು, ಹಾರುವ ಮುನ್ನ ಸಾಕಷ್ಟು ಸಿದ್ಧತೆ ನಡೆದಿರಲಿಲ್ಲ. ಆದರೆ ಹಿಡಿಯ ಸ್ಥಾನವನ್ನೂ ಅವರು ಕಾರಣಗಳಲ್ಲಿ ಸೇರಿಸಿದರು. ಒಬ್ಬನು ತನ್ನ ಕೊಟ್ಟಿಗೆಯಲ್ಲಿ ಒಳ್ಳೆಯದೆಂದೇ ಭಾವಿಸಿ ಮಾಡಿದ ಬದಲಾವಣೆಯ ಬೆಲೆಯನ್ನು ಇನ್ನೊಬ್ಬನು ಆಕಾಶದಲ್ಲಿ ತೆರಬೇಕಾಯಿತು.

ಅದು ಪೂರ್ತಿಯಾದ ವಿಮಾನ. ಅದರ ಹಿಡಿ ಕಣ್ಣಿಗೆ ಕಾಣುತ್ತಿತ್ತು. ಅರ್ಧ ಕಟ್ಟಿದ ವಿಮಾನದಲ್ಲಿ ಕಾಣದಿರುವುದೇ ಹೆಚ್ಚು. ರಿವೆಟ್ಟಿನ ತಲೆ ಕಾಣುತ್ತದೆ. ತಗಡುಗಳ ನಡುವೆ ತುಕ್ಕು ತಡೆಯುವ ಬಣ್ಣ ಬಳಿದಿದೆಯೆ ಎಂಬುದು ಕಾಣದು. ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದಾದ ರೆಕ್ಕೆ ಕನ್ನಡಿಯಂತೆ ಹೊಳೆಯಬಹುದು. ಒಳಗೆ ಅಂಟು ಸರಿಯಾದ ಪ್ರಮಾಣದಲ್ಲಿ ಬೆರೆತಿತ್ತೆ, ಸರಿಯಾದ ಉಷ್ಣತೆಯಲ್ಲಿ ಗಟ್ಟಿಯಾಯಿತೆ ಎಂಬುದನ್ನು ಹೊಳಪು ಹೇಳದು. ಬಟ್ಟೆಯ ರೆಕ್ಕೆಯನ್ನು ಬಿಸಿಲು ಸದ್ದಿಲ್ಲದೆ ತಿನ್ನುತ್ತದೆ. ವರ್ಷಗಟ್ಟಲೆ ತಿರುಗದ ಎಂಜಿನಿನ ಸಿಲಿಂಡರು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಕಾರ್ಖಾನೆಯ ಭಾಗಗಳಲ್ಲೂ ದೋಷವಿರಬಹುದು: ಲೇಸರಿನಿಂದ ಕತ್ತರಿಸಿದ ಕೆಲವು ಭಾಗಗಳ ರಂಧ್ರಗಳಲ್ಲಿ ಬಿರುಕು ಬಿಡುವ ತೊಂದರೆಯಿಂದ ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆ 2023ರಲ್ಲಿ ಬಹಳ ಕಷ್ಟಕ್ಕೆ ಸಿಲುಕಿತು. ಆದುದರಿಂದ ಕಿಟ್ ಯಾವ ವರ್ಷದ್ದೆಂಬುದನ್ನೂ ಕೇಳಬೇಕು.

ಹಾಗಾದರೆ ಕೊಳ್ಳಲೇಬಾರದೆ? ನಾವು ಹಾಗೆನ್ನುವುದಿಲ್ಲ. ಕೊಳ್ಳತಕ್ಕ ನಿಜವಾದ ವಸ್ತು ಲೋಹವಲ್ಲ, ದಿನಚರಿ ಪುಸ್ತಕ ಎಂಬುದಷ್ಟೇ ನಮ್ಮ ವಾದ. ಯಾವ ದಿನ ಯಾವ ಭಾಗ ಕೂಡಿತು, ನಕ್ಷೆಯನ್ನು ಎಲ್ಲಿ ಮೀರಿದರು, ಮುಚ್ಚುವ ಮುನ್ನ ಒಳಭಾಗ ಹೇಗಿತ್ತು ಎಂಬುದಕ್ಕೆ ಬರಹವೂ ಛಾಯಾಚಿತ್ರಗಳೂ ಇರಬೇಕು. ಕಾನೂನಿಗೂ ಇದೇ ಆಧಾರ. ಹವ್ಯಾಸಿ ನಿರ್ಮಾಣವೆಂದು ಪರಿಗಣಿಸಲು ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಹವ್ಯಾಸಿಗಳೇ ಮಾಡಿರಬೇಕೆಂಬುದು ಅಮೆರಿಕದ ನಿಯಮ. ಹಿಂದಿನವನ ಕೆಲಸವನ್ನು ಪುಸ್ತಕವಿಲ್ಲದೆ ರುಜುವಾತುಪಡಿಸುವುದು ಹೇಗೆ? ನಮ್ಮಲ್ಲಂತೂ ದಾರಿ ಇನ್ನೂ ದೀರ್ಘ. ಮುಂಬಯಿಯ ಮನೆಯ ಮಾಳಿಗೆಯ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವ್ ಅದನ್ನು 2016ರಲ್ಲಿ ಜನರಿಗೆ ತೋರಿಸಿದರು. ನೋಂದಣಿ ದೊರೆತದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ಮುಂಗಡ ಕೊಡುವ ಮುನ್ನವೇ ನಾಗರಿಕ ವಿಮಾನಯಾನ ನಿರ್ದೇಶನಾಲಯವನ್ನು ವಿಚಾರಿಸುವುದು ಜಾಣತನ.

ಮನೆಯಲ್ಲಿ ವಿಮಾನ ಕಟ್ಟುವವರಲ್ಲಿ ಒಂದು ಹಾಸ್ಯದ ಮಾತುಂಟು: ನೂರಕ್ಕೆ ತೊಂಬತ್ತು ಪಾಲು ಮುಗಿಯಿತು, ಇನ್ನು ತೊಂಬತ್ತು ಪಾಲು ಮಾತ್ರ ಬಾಕಿ! ಮಾರುವವನು ಮೊದಲನೆಯ ತೊಂಬತ್ತಕ್ಕೆ ಬೆಲೆ ಹೇಳುತ್ತಾನೆ. ಕೊಳ್ಳುವವನು ಎರಡನೆಯ ತೊಂಬತ್ತನ್ನು ಲೆಕ್ಕಕ್ಕೆ ಹಿಡಿಯಬೇಕು. ಪುಸ್ತಕವಿಲ್ಲದ ಕಡೆ, ಬಿಚ್ಚಿ ನೋಡಬಹುದಾದ ಭಾಗಕ್ಕೆ ಮಾತ್ರ ಹಣ ಕೊಡಲಿ. ಬಿಚ್ಚಲಾಗದ್ದನ್ನು ಇಲ್ಲವೆಂದೇ ಎಣಿಸಲಿ. ಇನ್ನೊಬ್ಬನ ಕೆಲಸವನ್ನು ಕಳಚಿ ಮತ್ತೆ ಮಾಡುವ ತಾಳ್ಮೆ ಇಲ್ಲದವನು ಈ ವ್ಯಾಪಾರಕ್ಕೆ ಇಳಿಯದಿರುವುದೇ ಮೇಲು. ಟ್ರ್ಯಾಕ್ಟರು ಕೆಟ್ಟರೆ ಹೊಲದ ಬದುವಿನಲ್ಲಿ ನಿಲ್ಲುತ್ತದೆ, ಆಕಾಶದಲ್ಲಿ ಬದುವಿಲ್ಲ.