ಉದ್ಯಮಶೀಲತೆಯನ್ನು ಬಾಯಿಪಾಠ ಮಾಡಿಸಿದರೆ ಉದ್ಯಮಿ ಹುಟ್ಟುತ್ತಾನೆಯೇ?

“ಉದ್ಯಮಿ ಎಂದರೆ ಯಾರು? ಅವನ ಗುಣಲಕ್ಷಣಗಳನ್ನು ವಿವರಿಸಿ.” ನಿಮ್ಮೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗ, ಹುಡುಗಿ ಯಾರಿದ್ದರೂ ಕೇಳಿ ನೋಡಿ. ಇಂಥ ಪ್ರಶ್ನೆಗೆ ಉತ್ತರ ಬರೆಯದೆ ಬಂದವರು ಕಡಿಮೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ‘ಮ್ಯಾನೇಜ್‌ಮೆಂಟ್ ಅಂಡ್ ಆಂತ್ರಪ್ರಿನ್ಯೂರ್‌ಶಿಪ್’ ಎಂಬ ಪೇಪರ್ ಐದನೇ ಸೆಮಿಸ್ಟರ್‌ನಲ್ಲಿ ವರ್ಷಗಟ್ಟಲೆ ನಡೆದಿದೆ. ಸ್ಕೀಮ್ ಬದಲಾದಾಗ ಹೆಸರೂ ಬದಲಾಗಿದೆ.

ಅದರಲ್ಲಿ ಏನು ಕಲಿಸಿದರು? ಮಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳ ಮೆಟ್ಟಿಲು, ನಾಯಕತ್ವದ ವಿಧಗಳು, ಪ್ರಾಜೆಕ್ಟ್ ವರದಿಯ ಭಾಗಗಳು. ಆಮೇಲೆ ಕೆಐಎಡಿಬಿ, ಕೆಎಸ್‌ಎಸ್‌ಐಡಿಸಿ, ಕೆಎಸ್‌ಎಫ್‌ಸಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಒಂದೊಂದಕ್ಕೂ ಟಿಪ್ಪಣಿ. ಕೈಗಾರಿಕಾ ಕೇಂದ್ರದ ಬಗ್ಗೆ ಪುಟ ತುಂಬ ಬರೆದವನು ಆ ಕಚೇರಿಯ ಹೊಸ್ತಿಲು ತುಳಿಯದೆಯೇ ಪಾಸಾಗಬಹುದು. ಈಜು ಕಲಿಸುತ್ತೇವೆಂದು ಕರೆದು ಬಾವಿಯ ಚಿತ್ರ ಬರೆಸಿದ ಹಾಗಾಯಿತು ಇದು.

ಕೊಯ್ಲಿನ ಕಾಲದಲ್ಲಿ ತೆಲಿಗಿ, ಹರಪನಹಳ್ಳಿ ಕಡೆ ಒಂದು ಸುತ್ತು ಹಾಕಿ. ಮೆಕ್ಕೆಜೋಳ ಒಣಗುವುದು ಡಾಂಬರು ರಸ್ತೆಯ ಮೇಲೆ. ನಾಲ್ಕು ಹನಿ ಬಿದ್ದರೆ ತಾಡಪಾಲು ಹಿಡಿದು ಮನೆಮಂದಿಯೆಲ್ಲ ಓಡಬೇಕು. ಮಾರುಕಟ್ಟೆಗೆ ಒಯ್ದರೆ ‘ಹಸಿ ಐತಿ’ ಅಂತ ದರ ಇಳಿಸುತ್ತಾರೆ. ತೇವಾಂಶ ಅಳೆಯುವ ಯಂತ್ರ ಇರುವುದು ಕೊಳ್ಳುವವನ ಕೈಯಲ್ಲಿ, ಬೆಳೆದವನ ಕೈಯಲ್ಲಲ್ಲ. ಅದೇ ರಸ್ತೆಯಲ್ಲಿ ನಮ್ಮ ಮಕ್ಕಳು ಬಸ್ ಹತ್ತಿ ದಾವಣಗೆರೆಗೆ ಎಂಜಿನಿಯರಿಂಗ್ ಓದಲು ಹೋಗುತ್ತಾರೆ. ಹತ್ತು ರೈತರು ಸೇರಿ ಒಂದು ಡ್ರೈಯರ್ ಇಟ್ಟರೆ ಕ್ವಿಂಟಲ್‌ಗೆ ಎಷ್ಟು ಬಾಡಿಗೆ ಪಡೆಯಬೇಕು? ವರ್ಷದಲ್ಲಿ ಎಷ್ಟು ದಿನ ಅದಕ್ಕೆ ಕೆಲಸ? ಸಾಲ ಯಾವಾಗ ತೀರುತ್ತದೆ? ಈ ಮೂರು ಲೆಕ್ಕ ಹಾಕಿ, ಆ ಹತ್ತು ಜನರನ್ನು ಒಂದು ಕಟ್ಟೆಯ ಮೇಲೆ ಕೂರಿಸಿ ಒಪ್ಪಿಸಿದರೆ ಉದ್ಯಮಶೀಲತೆಯೂ ಬಂತು, ನಾಯಕತ್ವವೂ ಬಂತು.

ಹಡಗಲಿ ನೋಡಿ. ಅಲ್ಲಿನ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಅದೇ ಊರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಮೊಗ್ಗು ಅರಳುವ ಮೊದಲೇ ಹೂವು ಮಾರುಕಟ್ಟೆ ಮುಟ್ಟಬೇಕು, ತಡವಾದರೆ ದರ ಇಲ್ಲ. ಕಾಲೇಜಿನವರು ಏನೂ ಮಾಡಿಲ್ಲ ಎನ್ನುವುದು ನಮ್ಮ ದೂರಲ್ಲ. ಮಾಡಿದರೂ ಆ ಕೆಲಸಕ್ಕೆ ಎಷ್ಟು ಬೆಲೆ ಸಿಗುತ್ತದೆ ಎಂಬುದು ಪ್ರಶ್ನೆ. 2018ರ ಸ್ಕೀಮಿನಿಂದ ಪದವಿಗೆ 100 ಆಕ್ಟಿವಿಟಿ ಪಾಯಿಂಟ್ ಬೇಕು, ಹಳ್ಳಿಯ ಕೆಲಸಕ್ಕೂ ಅದರಲ್ಲಿ ಜಾಗವಿದೆ. ಆದರೆ ಆ ಪಾಯಿಂಟು ಸಿಜಿಪಿಎಗೆ ಸೇರುವುದಿಲ್ಲ. ಉದ್ಯಮಿಯ ವ್ಯಾಖ್ಯಾನಕ್ಕೆ ಅಂಕ ಉಂಟು, ಊರಿನ ಕೆಲಸಕ್ಕೆ ಸರ್ಟಿಫಿಕೇಟ್ ಮಾತ್ರ.

ಇನ್ನು ಭಾಷಣಗಳು. “ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ” ಎಂದು ವೇದಿಕೆಯಿಂದ ಹೇಳುವುದು ಸುಲಭ. ಕೇಳುತ್ತ ಕೂತವನ ಮನೆಯಲ್ಲಿ ಶಿಕ್ಷಣ ಸಾಲ, ಬೆಳೆ ಸಾಲ ಎರಡೂ ಇರುತ್ತವೆ. ಅವನಿಗೆ ರಿಸ್ಕ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ನೀರು ಬೀಳುತ್ತದೋ ಇಲ್ಲವೋ ಗೊತ್ತಿಲ್ಲದೆ ಬೋರ್‌ವೆಲ್ ಕೊರೆಸಿದ ಅಪ್ಪನನ್ನು ನೋಡಿಯೇ ಬೆಳೆದಿದ್ದಾನೆ. ಸ್ವಸಹಾಯ ಸಂಘದಲ್ಲಿ ಹತ್ತು ಹೆಂಗಸರ ಉಳಿತಾಯ, ಸಾಲ, ಕಂತು, ಜಗಳ ಎಲ್ಲವನ್ನೂ ನಿಭಾಯಿಸುವ ಅವ್ವನಿಗಿಂತ ದೊಡ್ಡ ನಾಯಕತ್ವದ ಪಾಠ ಯಾವ ಪುಸ್ತಕದಲ್ಲಿದೆ? ಅವನಿಗೆ ಬೇಕಿರುವುದು ಧೈರ್ಯದ ಉಪದೇಶ ಅಲ್ಲ. ಬಿದ್ದರೆ ಮನೆ ಮುಳುಗದಷ್ಟು ಸಣ್ಣ ಬಂಡವಾಳ, ತಪ್ಪಿದರೆ ಬೈಯದೆ ಜೊತೆಗಿರುವ ಮೇಷ್ಟ್ರು.

“ಹಾಗಾದರೆ ಇದನ್ನು ಕಲಿಸಲೇಬಾರದೇ?” ಎಂದು ಕೇಳಬಹುದು. ಕಲಿಸಬೇಕು. ದಾರಿಯೂ ದೂರವಿಲ್ಲ. ಹುಬ್ಬಳ್ಳಿಯವರಾದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಸೈಕಾಮೋರ್ ನೆಟ್‌ವರ್ಕ್ಸ್ ಕಟ್ಟಿದವರು. ಅವರ ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯಿಂದ ನಡೆಸಿದ ‘ಲೀಡ್’ ಕಾರ್ಯಕ್ರಮದ ಕ್ರಮ ಸರಳ: ವಿದ್ಯಾರ್ಥಿ ತನ್ನ ಸುತ್ತಲಿನ ಒಂದು ಸಮಸ್ಯೆ ಹಿಡಿಯಬೇಕು, ಪರಿಹಾರ ಬರೆದು ಕೊಡಬೇಕು, ಸಣ್ಣ ಮೊತ್ತ ಪಡೆದು ಮಾಡಿ ತೋರಿಸಬೇಕು. ಮೊದಲು ಕೆಲಸ, ಪಾಠ ಅದರ ಹಿಂದೆ. ಸಂಸ್ಥೆಯೊಂದು ಆಸಕ್ತರಿಗೆ ಮಾಡಿದ್ದನ್ನು ವಿಶ್ವವಿದ್ಯಾಲಯ ಎಲ್ಲರಿಗೂ ಯಾಕೆ ಮಾಡಬಾರದು?

ನಮ್ಮ ಬೇಡಿಕೆ ಮೂರು. ಒಂದು, ಈ ವಿಷಯಕ್ಕೆ ಮೂರು ಗಂಟೆಯ ಬರವಣಿಗೆ ಪರೀಕ್ಷೆ ಬೇಡ. ಒಂದು ಸೆಮಿಸ್ಟರ್ ಒಂದು ಊರಿನ ಒಂದು ಕೆಲಸ ಇರಲಿ, ಅದರ ಅಂಕ ಸಿಜಿಪಿಎಗೆ ಸೇರಲಿ. ಎರಡು, ಆ ಅಂಕದಲ್ಲಿ ಒಂದು ಪಾಲು ಕೊಡುವ ಅಧಿಕಾರ ರೈತನಿಗೆ, ಸಂಘದ ಹೆಂಗಸರಿಗೆ, ಗ್ಯಾರೇಜಿನವನಿಗೆ ಇರಲಿ. ಉಪಯೋಗ ಆಯಿತೋ ಇಲ್ಲವೋ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರು, ವರದಿ ಕನ್ನಡದಲ್ಲೂ ಇರಲಿ. ಕನ್ನಡದಲ್ಲಿ ವ್ಯಾಪಾರ ಮಾತಾಡಲು ಬಾರದ ಎಂಜಿನಿಯರ್ ಹರಪನಹಳ್ಳಿ ಸಂತೆಯಲ್ಲಿ ಯಾರಿಗೆ ಏನನ್ನು ಮಾರುತ್ತಾನೆ?

ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಈ ಬಾರಿ ರಜೆಗೆ ಬಂದಾಗ ಮಾರ್ಕ್ಸ್ ಎಷ್ಟು ಎಂದು ಕೇಳುವ ಮುಂಚೆ ಇನ್ನೊಂದು ಮಾತು ಕೇಳಿ: “ನಮ್ಮ ಜೋಳ ಒಣಗಿಸೋಕೆ ನಿಮ್ಮ ಕಾಲೇಜಲ್ಲಿ ಏನಾರ ಹೇಳಿಕೊಟ್ರಾ?” ಮಕ್ಕಳು ಈ ಪ್ರಶ್ನೆಯನ್ನು ಕಾಲೇಜಿಗೆ ಒಯ್ಯಲಿ. ಉತ್ತರ ಕೊಡಬೇಕಾದವರು ಅವರಲ್ಲ, ಪಠ್ಯ ಬರೆಯುವವರು.