ಹಿರಿಯರ ಆರೋಗ್ಯ ವಿಮೆ: ಮೊದಲು ಏಜೆಂಟರಿಗೆ ಪಾಠವಾಗಲಿ



ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ಮಳೆಗಾಲದಲ್ಲಿ ಅಡಿಕೆ ತೋಟದ ಸಂಕ ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎರಡು ವರ್ಷಗಳಿಂದ ತಪ್ಪದೆ ಆರೋಗ್ಯ ವಿಮೆಯ ಕಂತು ಕಟ್ಟಿದ್ದ ಅವರಿಗೆ ಖರ್ಚಿನ ಚಿಂತೆ ಇರಲಿಲ್ಲ. ಆದರೆ ವಿಮಾ ಕಂಪೆನಿಯಿಂದ ಹಣದ ಬದಲು ಪತ್ರವೊಂದು ಬಂದಿತು. ಹತ್ತು ವರ್ಷಗಳಿಂದ ಇದ್ದ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚಿದ್ದೀರಿ, ಆದುದರಿಂದ ಹಣ ಕೊಡಲಾಗದು ಎಂಬುದು ಅದರ ಸಾರಾಂಶ. ನಮ್ಮ ಸದಸ್ಯರು ಏನನ್ನೂ ಮರೆಮಾಚಿರಲಿಲ್ಲ. ಮಾತ್ರೆ ನುಂಗುವ ವಿಷಯವನ್ನು ಜಗಲಿಯಲ್ಲಿ ಕುಳಿತು ಏಜೆಂಟನಿಗೆ ಹೇಳಿಯೇ ಇದ್ದರು. "ಅದೆಲ್ಲ ಬರೆದರೆ ಪಾಲಿಸಿ ಸಿಗೋದಿಲ್ಲ ಅಜ್ಜ, ಇಲ್ಲಿ ಒಂದು ಸೈನ್ ಹಾಕಿ" ಎಂದು ಅವನು ಎಲ್ಲ ಪ್ರಶ್ನೆಗಳ ಮುಂದೆಯೂ "ಇಲ್ಲ" ಎಂದು ತುಂಬಿದ್ದನು. ಕೊನೆಗೆ ಕಾಪಿಟ್ಟಿದ್ದ ಕಾಳುಮೆಣಸನ್ನು ಬಂದ ಬೆಲೆಗೆ ಮಾರಿ ಆಸ್ಪತ್ರೆಯ ಲೆಕ್ಕ ಚುಕ್ತಾ ಮಾಡಬೇಕಾಯಿತು.

ಆ ಏಜೆಂಟನು ಮೋಸಗಾರನೆಂದು ನಾವು ಹೇಳಲಾರೆವು. ಪಕ್ಕದೂರಿನ ಹುಡುಗ, ಮಾರುವುದನ್ನು ಅವನಿಗೆ ಚೆನ್ನಾಗಿಯೇ ಕಲಿಸಿದ್ದಾರೆ. ವಯಸ್ಸಾದವರ ಅರ್ಜಿಯನ್ನು ತುಂಬುವುದು ಹೇಗೆಂದು ಮಾತ್ರ ಯಾರೂ ಕಲಿಸಿಲ್ಲ. ಈ ಕೊರತೆಯನ್ನು ನೀಗಿಸುವ ಕೆಲಸಕ್ಕೆ ನಮ್ಮಂತಹ ಸಹಕಾರ ಸಂಘಗಳೇ ಕೈ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಈಗ ಅವಸರವೂ ಇದೆ. 65 ವರ್ಷದವರೆಗಿನವರಿಗೆ ಪಾಲಿಸಿ ನೀಡಬೇಕೆಂಬುದಷ್ಟೇ ಕಂಪೆನಿಗಳಿಗೆ ಹಿಂದೆ ಇದ್ದ ಕಟ್ಟಳೆ; ಅದಕ್ಕೆ ಮೇಲ್ಪಟ್ಟವರಿಗೆ ಕೊಡುವುದು ಬಿಡುವುದು ಅವರ ಮರ್ಜಿಯಾಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್ 1ರಿಂದ ಈ ಮಿತಿಯನ್ನು ತೆಗೆದು, ಎಲ್ಲ ವಯಸ್ಸಿನವರಿಗೂ ಪಾಲಿಸಿಗಳನ್ನು ರೂಪಿಸಬೇಕೆಂದು ವಿಧಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ಕೂಡ ರದ್ದಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ತೋಟದ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದಿರುವ ಸಂಸಾರಗಳು ನಮ್ಮಲ್ಲಿ ಎಷ್ಟಿವೆಯೆಂದು ಬೇರೆ ಹೇಳಬೇಕಾಗಿಲ್ಲ. ಅಂತಹ ಮನೆಗಳ ಬಾಗಿಲಿಗೆ ಇನ್ನು ಏಜೆಂಟರು ಹೆಚ್ಚು ಹೆಚ್ಚಾಗಿ ಬರುವವರಿದ್ದಾರೆ.

ಬರುವವರ ತರಬೇತಿ ಎಷ್ಟು? ಹತ್ತನೆಯ ತರಗತಿ ಪಾಸಾದ ಯಾರೇ ಆಗಲಿ 15 ಗಂಟೆಗಳ ತರಬೇತಿ ಮತ್ತು ಒಂದು ಪರೀಕ್ಷೆ ಮುಗಿಸಿ, ಸರಳ ಪಾಲಿಸಿಗಳನ್ನು ಮಾರುವ ಪ್ರತಿನಿಧಿಯಾಗಬಹುದು. ಯುವಕರಿಗೆ ಮಾರಲು ಇಷ್ಟು ಸಾಕಾದೀತು. ಆದರೆ ಎಪ್ಪತ್ತರ ಹಿರಿಯರಿಗೆ ಬಿ.ಪಿ. ಇರುತ್ತದೆ, ಸಕ್ಕರೆ ಇರುತ್ತದೆ, ಕಣ್ಣಿನ ಪೊರೆ, ಮಂಡಿನೋವು ಇರುತ್ತವೆ. ಅವರಿಗೆಂದೇ ಇರುವ ಪಾಲಿಸಿಗಳಲ್ಲಿ ಷರತ್ತುಗಳೂ ಹೆಚ್ಚು. ಆದುದರಿಂದ ಹಿರಿಯರ ಬಳಿಗೆ ಹೋಗುವ ಏಜೆಂಟನಿಗೆ ಈ ಕೆಳಗಿನ ಐದು ಪಾಠಗಳಾದರೂ ಆಗಿರಬೇಕು.

ಮೊದಲನೆಯದು, ಅರ್ಜಿ ತುಂಬುವುದು. ಮಾತ್ರೆಯ ಪಟ್ಟಿ, ಡಾಕ್ಟರ ಚೀಟಿ ಎರಡನ್ನೂ ಎದುರಿಗಿಟ್ಟುಕೊಂಡು ಇದ್ದುದನ್ನು ಇದ್ದಂತೆ ಬರೆಯಬೇಕು. ಮೊದಲೇ ತಿಳಿಸಿದ ಕಾಯಿಲೆಗೆ ಕಾಯಿಸಬಹುದಾದ ಅವಧಿ ಹಿಂದೆ 48 ತಿಂಗಳಿದ್ದುದು 2024ರಿಂದ ಹೆಚ್ಚೆಂದರೆ 36 ತಿಂಗಳಿಗೆ ಇಳಿದಿದೆ. ಮುಚ್ಚಿಟ್ಟರೆ ಪಾಲಿಸಿಯ ಬುಡಕ್ಕೇ ಕೊಡಲಿ. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ರುಜುವಾತಾದ ಹೊರತು, ಹೇಳಲಿಲ್ಲವೆಂಬ ಕಾರಣಕ್ಕೆ ಕಂಪೆನಿ ತಕರಾರು ಎತ್ತುವಂತಿಲ್ಲ ನಿಜ. ಆದರೆ ಅಲ್ಲಿಯವರೆಗೆ ಕಾಯಿಲೆ ಕಾಯುತ್ತದೆಯೆ?

ಎರಡನೆಯದು, ಲೆಕ್ಕ. ಮೂರು ಲಕ್ಷದ ಪಾಲಿಸಿಯಲ್ಲಿ ಕೋಣೆಯ ಬಾಡಿಗೆ ಮೊತ್ತದ ನೂರಕ್ಕೆ ಒಂದು, ಅಂದರೆ ದಿನಕ್ಕೆ ರೂ. 3,000 ಎಂಬ ಮಿತಿ ಇದೆಯೆಂದಿಟ್ಟುಕೊಳ್ಳೋಣ. ರೋಗಿಯನ್ನು ರೂ. 6,000ದ ಕೋಣೆಗೆ ಸೇರಿಸಿದರೆ ಬಾಡಿಗೆಯಲ್ಲಿ ಅರ್ಧ ಹೋಗುವುದಲ್ಲದೆ, ಡಾಕ್ಟರ ಫೀಜು, ಶಸ್ತ್ರಚಿಕಿತ್ಸಾ ಕೊಠಡಿಯ ಖರ್ಚುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಆ ಬಾಬ್ತಿನ ರೂ. 1,20,000ಕ್ಕೆ ರೂ. 60,000 ಮಾತ್ರ. ಅದರ ಮೇಲೆ ನೂರಕ್ಕೆ 20 ರೋಗಿಯ ಪಾಲು ಎಂಬ ಷರತ್ತಿದ್ದರೆ ಕೈಗೆ ಬರುವುದು ರೂ. 48,000. ಔಷಧಕ್ಕೂ, ಶರೀರದೊಳಗೆ ಕೂರಿಸುವ ಸಾಧನಗಳಿಗೂ, ತೀವ್ರ ನಿಗಾ ಘಟಕಕ್ಕೂ ಈ ಪ್ರಮಾಣದ ಕಡಿತ ಅನ್ವಯಿಸದು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲಾರದ ಏಜೆಂಟನನ್ನು ಜಗಲಿಯಿಂದಲೇ ಕಳುಹಿಸಿಬಿಡಬಹುದು.

ಮೂರನೆಯದು, ಆಸ್ಪತ್ರೆ. ಕೊಪ್ಪ, ಕಳಸದವರು ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರಿಗೆ ಹೋಗುತ್ತಾರೆ. ಕೊಡಗಿನವರಲ್ಲಿ ಹಲವರು ಮೈಸೂರಿಗೆ ಹೋಗುತ್ತಾರೆ. ಅಲ್ಲಿಯ ಯಾವ ಆಸ್ಪತ್ರೆಗಳಲ್ಲಿ ಮುಂಗಡ ಕಟ್ಟದೆ ಚಿಕಿತ್ಸೆ ಸಿಗುತ್ತದೆಂಬ ಪಟ್ಟಿ ಏಜೆಂಟನ ಬಳಿ ಇರಬೇಕು. ಅಂತಹ ಚಿಕಿತ್ಸೆಗೆ ಕೋರಿಕೆ ಬಂದ ಒಂದು ಗಂಟೆಯೊಳಗೆ, ಬಿಡುಗಡೆಯ ಸಮಯದಲ್ಲಿ ಮೂರು ಗಂಟೆಯೊಳಗೆ ಕಂಪೆನಿ ತೀರ್ಮಾನ ತಿಳಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ.

ನಾಲ್ಕನೆಯದು, ತನಗೆ ಕಮಿಷನ್ ಸಿಗದ ದಾರಿಯನ್ನೂ ತೋರಿಸುವುದು. ಸಹಕಾರಿಗಳಿಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಆರಂಭವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ರೂ. 500 ಶುಲ್ಕವಿಟ್ಟು ಐದು ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶ ಮಾಡಲಾಯಿತು. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮಾತ್ರ ಅದು ಸಲ್ಲುತ್ತದೆ. 70 ವರ್ಷ ದಾಟಿದ ಎಲ್ಲರಿಗೂ ಆದಾಯವನ್ನು ನೋಡದೆ ಐದು ಲಕ್ಷದ ರಕ್ಷಣೆ ನೀಡುವ ಕೇಂದ್ರದ ಯೋಜನೆ 2024ರ ಅಕ್ಟೋಬರ್ 29ರಂದು ಆರಂಭವಾಯಿತು. ಇವುಗಳಲ್ಲಿ ಸದಸ್ಯನಿಗೆ ಯಾವುದು ದೊರೆಯುತ್ತದೆಂದು ಮೊದಲು ವಿಚಾರಿಸಿ, ಮಿಕ್ಕ ಕೊರತೆಗೆ ಮಾತ್ರ ಪಾಲಿಸಿ ಕೊಡುವವನೇ ನಮಗೆ ಬೇಕಾದ ಏಜೆಂಟ್.

ಐದನೆಯದು, ಮಾರಿದ ನಂತರದ ಹೊಣೆ. ಪಾಲಿಸಿಯ ಮುಖ್ಯ ಅಂಶಗಳ ಮಾಹಿತಿ ಪತ್ರವನ್ನು ಕೇಳಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕೆಂಬ ನಿಯಮವಿದೆ. ಅದನ್ನು ಕನ್ನಡದಲ್ಲಿ ತರಿಸಿ ಓದಿ ಹೇಳಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದೆಂದು ತಿಳಿಸಬೇಕು. ಹಣ ನಿರಾಕರಿಸಿದರೆ ಕಂಪೆನಿಗೆ ಬರೆದು, ಒಂದು ತಿಂಗಳಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ರಿಗೆ ದೂರು ಕೊಡಲು ನೆರವಾಗಬೇಕು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇದೆಲ್ಲ ಸಂಘದ ಕೆಲಸವೆ ಎಂದು ಕೇಳುವವರಿದ್ದಾರೆ. ಮೈಲುತುತ್ತ, ಸುಣ್ಣ ಮಾರುವುದು ಸಂಘದ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಮಾರಿ ಸುಮ್ಮನಾಗಿದ್ದರೆ ಕೊಳೆರೋಗ ನಿಲ್ಲುತ್ತಿತ್ತೆ? ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂದೂ, ಕತ್ತಿಯ ಅಲಗನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದೂ ಕಲಿತ ಮೇಲೆಯೇ ಬೋರ್ಡೋ ದ್ರಾವಣ ಫಲ ಕೊಟ್ಟಿತು. ವಿಮೆಯೂ ಹಾಗೆಯೇ. ಹದ ತಪ್ಪಿದ ಪಾಲಿಸಿ ಬೇಕಾದ ದಿನ ಕೆಲಸಕ್ಕೆ ಬಾರದು.

ನಿಜ ಬರೆದರೆ ಕಂತು ಹೆಚ್ಚಾಗುತ್ತದೆ, ಕೆಲವರಿಗೆ ಪಾಲಿಸಿಯೇ ಸಿಗುವುದಿಲ್ಲ ಎಂಬ ಆಕ್ಷೇಪಣೆಯೂ ಇದೆ. ಇದು ಸುಳ್ಳಲ್ಲ. ವಯೋಮಿತಿ ಹೋಯಿತೆಂದ ಮಾತ್ರಕ್ಕೆ ಅರ್ಜಿ ಹಾಕಿದವರಿಗೆಲ್ಲ ಪಾಲಿಸಿ ದೊರೆಯುವುದಿಲ್ಲ. ಹಿರಿಯರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದು ಪ್ರಾಧಿಕಾರ 2025ರ ಜನವರಿಯಲ್ಲಿ ಕಂಪೆನಿಗಳಿಗೆ ಸೂಚಿಸಿದೆಯಾದರೂ ಕಂತು ಭಾರವೇ. ಆದರೂ ಮೊದಲ ದಿನವೇ "ಆಗದು" ಎನಿಸಿಕೊಂಡವರು ಆ ಹಣವನ್ನು ಬ್ಯಾಂಕಿನಲ್ಲಾದರೂ ಇಡಬಹುದು. ಐದಾರು ಕಂತು ಕಟ್ಟಬೇಕೆಂದುಕೊಂಡು ನಡುವೆಯೇ ಆಸ್ಪತ್ರೆಯಲ್ಲಿ "ಇಲ್ಲ" ಎನಿಸಿಕೊಂಡವರಿಗೆ ಆ ದಾರಿಯೂ ಇರದು.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನಮ್ಮ ಸಲಹೆ ಇಷ್ಟು. 2015ರ ನಿಯಮಗಳ ಪ್ರಕಾರ ಸಹಕಾರ ಸಂಘವೂ ಸಾಂಸ್ಥಿಕ ಏಜೆಂಟಾಗಬಹುದು. ವಿಮೆಯನ್ನಷ್ಟೇ ಮಾರುವ ಸಂಸ್ಥೆಯಾದರೆ 50 ಲಕ್ಷ ರೂಪಾಯಿಗಳ ಬಂಡವಾಳ ಬೇಕು, ಮಾರುವ ಸಿಬ್ಬಂದಿಗೆ 50 ಗಂಟೆಗಳ ತರಬೇತಿ ಆಗಬೇಕು. ದೊಡ್ಡ ಸಂಘಗಳು ಈ ದಾರಿ ಹಿಡಿಯಲಿ. ಸಣ್ಣ ಸಂಘಗಳು ಸದಸ್ಯರ ಮಕ್ಕಳಲ್ಲಿ ಆಸಕ್ತರಿಬ್ಬರನ್ನು ಆರಿಸಿ ತರಬೇತಿಗೆ ಕಳುಹಿಸಲಿ. ಅವರು ಹಿಂದಿರುಗಿದ ಮೇಲೆ ಮೇಲಿನ ಐದು ಪಾಠಗಳನ್ನು ಸಂಘದಲ್ಲೇ ಕನ್ನಡದಲ್ಲಿ ನಡೆಸಿ, ಹಿರಿಯ ಸದಸ್ಯರೇ ಎದುರು ಕುಳಿತು ಪ್ರಶ್ನೆ ಕೇಳಲಿ. ಮಾರಿದ ಪಾಲಿಸಿಗಳ ಸಂಖ್ಯೆಯೊಂದಿಗೆ, ಕೇಳಿದ ಹಣ ಎಷ್ಟು ಜನರಿಗೆ ಬಂದಿತೆಂಬುದನ್ನೂ ಪ್ರತಿ ಮಹಾಸಭೆಯಲ್ಲಿ ಓದಿ ಹೇಳಲಿ.

ಅಲ್ಲಿಯವರೆಗೆ ಸದಸ್ಯರಲ್ಲಿ ಒಂದು ಕೋರಿಕೆ. ಮನೆಯ ಕಪಾಟಿನಲ್ಲಿರುವ ಪಾಲಿಸಿಯನ್ನು ಈ ವಾರವೇ ಹೊರತೆಗೆದು, ಅದರ ಜೊತೆಗಿರುವ ಅರ್ಜಿಯ ನಕಲನ್ನು ಯಾರಿಂದಲಾದರೂ ಓದಿಸಿ ಕೇಳಿ. ಇರುವ ಕಾಯಿಲೆಯ ಮುಂದೆ "ಇಲ್ಲ" ಎಂದಿದ್ದರೆ ಆಸ್ಪತ್ರೆಗೆ ಹೋಗುವ ದಿನದವರೆಗೆ ಕಾಯದೆ ಕಂಪೆನಿಗೆ ಬರಹದಲ್ಲಿ ತಿಳಿಸಿ. ಪತ್ರ ಬರೆಯಲು ತೊಡಕಾದವರು ಸಂತೆಯ ದಿನ ಸಂಘದ ಕಚೇರಿಗೆ ಬಂದರೆ ಬರೆದುಕೊಡಲಾಗುವುದು.